ಜ್ವರ ಬಿಟ್ಟಿತು, ನೋವು ಬಿಡಲಿಲ್ಲ

ಜ್ವರ ಬಿಟ್ಟ ಮೇಲೆ ಮೂರು ದಿನ ಗಂಜಿ, ನಾಲ್ಕನೇ ದಿನ ತಿಳಿಸಾರು ಅನ್ನ, ವಾರ ಕಳೆದರೆ ಕೆಲಸಕ್ಕೆ ಹಾಜರು. ನಮ್ಮ ಜನರ ಕಾಯಿಲೆಯ ಲೆಕ್ಕ ಇಷ್ಟೇ ನೋಡಿ. ಎಂಟನೇ ದಿನವೂ ಯಾರಾದರೂ "ಕೈ ನೋವು, ಬೆರಳು ಮಡಚಕ್ಕಾಗಲ್ಲ" ಅಂದರೆ ಮನೆಯವರೂ ಡಾಕ್ಟರೂ ಒಂದೇ ಥರ ಮುಖ ಮಾಡ್ತಾರೆ. ದಿಲ್ಲಿಯಲ್ಲಿ ಅದಕ್ಕೊಂದು ಸಿದ್ಧವಾಕ್ಯವೇ ಇದೆ, "ರಿಪೋರ್ಟ್ ತೋ ನಾರ್ಮಲ್ ಹೈ" ಅಂತ. ಈ ಮಾತಿನ ಮೇಲೆ ನನಗೆ ಬಹಳ ದಿನದಿಂದ ತಕರಾರಿದೆ. ಇವತ್ತು ಬರೆದೇ ಬಿಡ್ತೀನಿ.

ದಿಲ್ಲಿಯಲ್ಲಿ ಚಿಕೂನ್‌ಗುನ್ಯ ಜೋರಾಗಿ ಹಬ್ಬಿದ್ದು 2016ರಲ್ಲಿ. ಆ ಸೆಪ್ಟೆಂಬರಿನಲ್ಲಿ ನಮ್ಮ ಬಿಲ್ಡಿಂಗಿನ ಎಷ್ಟೋ ಜನ ಮೆಟ್ಟಿಲ ಕಂಬಿ ಹಿಡಿದು ಬಗ್ಗಿಕೊಂಡೇ ಓಡಾಡ್ತಿದ್ದರು. ಹೆಸರಿನ ಅರ್ಥವೂ ಅದೇ. ತಾಂಜಾನಿಯಾದ ಮಕೊಂಡೆ ಭಾಷೆಯಲ್ಲಿ ಹಾಗೆಂದರೆ ಬಗ್ಗಿಸಿಬಿಡುವುದು ಅಂತ. (2006ರಲ್ಲಿ ನಮ್ಮೂರ ಕಡೆ ಇದನ್ನು 'ಚಿಕನ್ ಗುನ್ಯ' ಮಾಡಿ, ಪಾಪ, ಕೋಳಿಯ ಮೇಲೆ ಹಾಕಿದ್ದರು. ತಪ್ಪೆಲ್ಲ ಹಗಲು ಕಚ್ಚುವ ಸೊಳ್ಳೆಯದು.) ನನಗೆ ಜ್ವರ ಇದ್ದದ್ದು ಐದೇ ದಿನ. ಕೀಲುನೋವು ಒಂದೂವರೆ ವರ್ಷ.

ಏನೇನು ಕೆಲಸಕ್ಕೆ ಮಣಿಕಟ್ಟು ಬೇಕು ಅಂತ ಅದು ಕೆಟ್ಟಾಗಲೇ ಗೊತ್ತಾಗೋದು. ಕುಕ್ಕರಿನ ಮುಚ್ಚಳ, ನೀರಿನ ಬಾಟಲಿಯ ಬಿರಡೆ, ಚಪಾತಿ ಹಿಟ್ಟು, ಬಾಗಿಲ ಬೀಗ, ಸೀರೆಯ ನೆರಿಗೆ. ಬೆಳಿಗ್ಗೆ ಎದ್ದು ಮಂಚದಿಂದ ಕಾಲು ನೆಲಕ್ಕಿಟ್ಟರೆ ಹಿಮ್ಮಡಿಯಲ್ಲಿ ಗಾಜು ಚುಚ್ಚಿದ ಹಾಗೆ. ಹತ್ತು ಗಂಟೆಯ ಹೊತ್ತಿಗೆ ಸ್ವಲ್ಪ ಸಡಿಲ. ಹಾಗಾಗಿ ಹನ್ನೊಂದಕ್ಕೆ ನೋಡಿದವರಿಗೆಲ್ಲ ನಾನು ಸರಿಯಾಗೇ ಕಾಣ್ತಿದ್ದೆ! ನವೆಂಬರ್ ಬಂದು ಚಳಿ ಶುರುವಾದ ಮೇಲಂತೂ ಕೇಳಬೇಡಿ. ಎರಡು ತಿಂಗಳು ಪೂರ್ತಿ ಆರಾಮಾಗಿದ್ದು, ಇನ್ನು ಮುಗೀತು ಅನ್ನುವಾಗ ಒಂದು ದಿನ ಬೆರಳ ಗೆಣ್ಣು ಮತ್ತೆ ಊದಿಕೊಳ್ಳೋದು.

ಇದು ಹೊಸದೂ ಅಲ್ಲ, ಅಪರೂಪವೂ ಅಲ್ಲ. 2006ರಲ್ಲಿ ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ಪ್ರಕರಣ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕರ್ನಾಟಕದ್ದೇ. ಅಷ್ಟು ಜನರಲ್ಲಿ ಎಷ್ಟೋ ಮಂದಿ ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಕೀಲು ಹಿಡಿದುಕೊಂಡೇ ತಿರುಗಿದರು. ಹತ್ತು ವರ್ಷ ಕಳೆದು ದಿಲ್ಲಿಯ ಡಾಕ್ಟರು ನನಗೆ ಅದನ್ನು ಮೊದಲ ದಿನವೇ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಮೂರನೇ ತಿಂಗಳು ಹೋದಾಗ "ವಯಸ್ಸಾಯ್ತಲ್ಲ ಮೇಡಂ" ಅಂದರು. ಆಗ ನನಗೆ ಐವತ್ತೊಂದು.

ಅಮೆರಿಕದ ಡಾಕ್ಟರುಗಳು ಹೀಗಿರಲ್ಲ ಅಂತೀರಾ? ನನ್ನ ಅಕ್ಕನ ಮಗಳು ಕನೆಕ್ಟಿಕಟ್‌ನಲ್ಲಿದ್ದಾಳೆ. ಅಲ್ಲಿನ ಲೈಮ್ ಅನ್ನೋ ಊರಿನ ಹೆಸರೇ ಲೈಮ್ ಕಾಯಿಲೆಗೆ ಬಂದದ್ದು. 1975ರ ಸುಮಾರಿಗೆ ಮಕ್ಕಳಿಗೆಲ್ಲ ಮಂಡಿ ಊದ್ತಿದೆ ಅಂತ ಆ ಕಡೆಯ ಇಬ್ಬರು ತಾಯಂದಿರು ಹಟ ಹಿಡಿದು ಹೇಳಿದ್ದರಿಂದಲೇ ಅದು ಬೆಳಕಿಗೆ ಬಂತು. ಹರಡೋದು ಉಣುಗಿನಿಂದ. ಮಲೆನಾಡಿನವರಿಗೆ ಉಣುಗು ಅಂದರೆ ವಿವರಿಸಬೇಕಿಲ್ಲ, 1957ರಿಂದ ಮಂಗನ ಕಾಯಿಲೆ ಕಂಡವರು ನಾವು. ಅದರಲ್ಲೂ ಕೆಲವರಿಗೆ ಜ್ವರ ಬಿಟ್ಟು, ಒಂದೆರಡು ವಾರದ ಮೇಲೆ ಮತ್ತೆ ಬರುತ್ತೆ.

ಲೈಮ್‌ಗೆ ಕಾರಣ ಬ್ಯಾಕ್ಟೀರಿಯಾ, ಹಾಗಾಗಿ ಔಷಧಿ ಇದೆ. ಡಾಕ್ಸಿಸೈಕ್ಲಿನ್ ಎರಡು ಮೂರು ವಾರ ತಗೊಂಡರೆ ಬಹಳಷ್ಟು ಜನರಿಗೆ ವಾಸಿ. ಆದರೆ ನೂರಕ್ಕೆ ಐದರಿಂದ ಹತ್ತು ಜನರಿಗೆ ಸುಸ್ತು, ಮೈನೋವು, ತಲೆ ಓಡದಿರೋದು ತಿಂಗಳುಗಟ್ಟಲೆ ಉಳಿಯುತ್ತೆ ಅಂತ ಅಲ್ಲಿನ ಸರ್ಕಾರದ ಆರೋಗ್ಯ ಸಂಸ್ಥೆ ಸಿಡಿಸಿಯೇ ಹೇಳುತ್ತೆ. ಈ ಹುಡುಗಿ ಆ ಐದು ಹತ್ತರಲ್ಲಿ ಒಬ್ಬಳು. "ಚಿಕ್ಕಮ್ಮಾ, ಒಬ್ಬ ಡಾಕ್ಟರು ಎಲ್ಲಾ ನಿನ್ನ ಮನಸ್ಸಿನದು ಅಂತಾರೆ. ಇನ್ನೊಬ್ಬರು ವರ್ಷವಿಡೀ ಆಂಟಿಬಯಾಟಿಕ್ ಕೊಡ್ತೀನಿ, ಇಷ್ಟು ಸಾವಿರ ಡಾಲರ್ ಅಂತಾರೆ" ಅಂದಳು.

ಆ ಎರಡನೆಯವರಿಗೆ ಉತ್ತರ ಯಾವತ್ತೋ ಸಿಕ್ಕಿದೆ. 2001ರಲ್ಲಿ ಅಮೆರಿಕದಲ್ಲಿ ಇಂಥ ರೋಗಿಗಳಿಗೆ ತೊಂಬತ್ತು ದಿನ ಆಂಟಿಬಯಾಟಿಕ್ ಕೊಟ್ಟು ನೋಡಿದರು. ಹುಸಿ ಮಾತ್ರೆ ತಗೊಂಡವರಿಗೂ ಇವರಿಗೂ ವ್ಯತ್ಯಾಸ ಕಾಣಲಿಲ್ಲ. 2016ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಇನ್ನೊಂದು ರೀತಿ ಮಾಡಿ ನೋಡಿದರು. ಎಲ್ಲರಿಗೂ ಎರಡು ವಾರ ಔಷಧಿ ಕೊಟ್ಟು, ಮೇಲೆ ಹನ್ನೆರಡು ವಾರ ಜಾಸ್ತಿ ಕೊಟ್ಟರೂ ಅದರಿಂದ ಹೆಚ್ಚಿನ ಲಾಭ ಬರಲಿಲ್ಲ. ಆದರೆ ಮೊದಲನೆಯ ಡಾಕ್ಟರು ಇದನ್ನೇ ಹಿಡಿದು "ನೋಡಿದ್ಯಾ, ಔಷಧಿ ಕೆಲಸ ಮಾಡಲ್ಲ, ಅಂದ ಮೇಲೆ ನಿನಗೆ ಏನೂ ಇಲ್ಲ" ಅನ್ನೋದು ಯಾವ ನ್ಯಾಯ? ಔಷಧಿ ನಾಟದಿದ್ದರೆ ನೋವೇ ಸುಳ್ಳಾಗಿಬಿಡುತ್ತಾ?

ನನ್ನ ತಕರಾರು ಇಷ್ಟೇ. ನಂಬದ ಡಾಕ್ಟರೇ ರೋಗಿಯನ್ನು ಕಳ್ಳ ಡಾಕ್ಟರ ಮನೆಗೆ ಕಳಿಸೋದು. ದಿಲ್ಲಿಯಲ್ಲಿ ಆ ವರ್ಷ ಮೇಕೆ ಹಾಲು, ಪಪಾಯ ಎಲೆಯ ರಸ ಎಲ್ಲ ಆಯ್ತು. ಅವಾದರೂ ಹೋಗಲಿ, ಜೇಬಿಗಷ್ಟೇ ಕಷ್ಟ. ಪೊಟ್ಟಣದಲ್ಲಿ ಕೊಡ್ತಾರಲ್ಲ, ಹೆಸರಿಲ್ಲದ 'ದೇಸಿ' ಪುಡಿ, ಅದು ಅಪಾಯ. ಎರಡೇ ದಿನಕ್ಕೆ ನೋವು ಮಾಯವಾದರೆ ಅದರಲ್ಲಿ ಸ್ಟೆರಾಯ್ಡ್ ಇದೆಯೇನೋ ಅಂತ ಅನುಮಾನ ಪಡಿ. ಸಕ್ಕರೆ ಕಾಯಿಲೆ, ಬಿ.ಪಿ. ಇದ್ದವರಂತೂ ಮುಟ್ಟಲೇಬೇಡಿ.

ನನಗೆ ಉಪಯೋಗಕ್ಕೆ ಬಂದದ್ದು ಬಲು ಸಾದಾ ಸಂಗತಿಗಳು. ಬೆಳಿಗ್ಗೆ ಬಿಸಿನೀರಿನಲ್ಲಿ ಕೈ ಅದ್ದಿ ಬೆರಳಾಡಿಸೋದು. ದಿನಾ ಸ್ವಲ್ಪ ನಡೆಯೋದು. ಒಳ್ಳೆಯ ದಿನ ಸಿಕ್ಕಿತು ಅಂತ ವಾರದ ಕೆಲಸವನ್ನೆಲ್ಲ ಅವತ್ತೇ ಮಾಡದೆ ಇರೋದು. ಮೂರು ತಿಂಗಳಾದರೂ ಕೀಲು ಊದಿಯೇ ಇದ್ದರೆ ಕೀಲುವಾತದ ತಜ್ಞರಿಗೆ ತೋರಿಸಬೇಕು, ಅವರ ಹತ್ತಿರ ಬೇರೆ ಔಷಧಿಗಳಿವೆ. ನನಗೆ ಸರಿಯಾಗಿ ಸಿಕ್ಕವರು ಅಂಥವರೊಬ್ಬರೇ. ಅವರು ಮೊದಲು ಆಡಿದ ಮಾತು, "ಹೌದು, ಇದು ಹೀಗೇ ಇರುತ್ತೆ, ನಿಧಾನಕ್ಕೆ ಕಮ್ಮಿಯಾಗುತ್ತೆ." ಅರ್ಧ ನೋವು ಅಲ್ಲೇ ಇಳಿಯಿತು ಅಂದರೆ ಉತ್ಪ್ರೇಕ್ಷೆ. ನಿದ್ದೆಯಂತೂ ಬಂತು.

ನನಗೆ ಆಫೀಸು ಇತ್ತು, ಮೆಡಿಕಲ್ ಲೀವ್ ಇತ್ತು. ಅದೇ ತಿಂಗಳು ನಮ್ಮ ಮನೆಗೆಲಸದವಳಿಗೂ ಅದೇ ಜ್ವರ. ಐದು ಮನೆಯಲ್ಲಿ ಪಾತ್ರೆ ಬಟ್ಟೆ ಮಾಡ್ತಿದ್ದಳು. ಜ್ವರ ಬಿಟ್ಟ ವಾರಕ್ಕೇ ಬಂದಳು, ಆದರೆ ಬಟ್ಟೆ ಹಿಂಡಲು ಕೈ ಬರ್ತಿರಲಿಲ್ಲ. ದೀಪಾವಳಿಯೊಳಗೆ ಮೂರು ಮನೆಯವರು "ನಾಟಕ ಮಾಡ್ತಾಳೆ" ಅಂತ ಬಿಡಿಸಿದರು. ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಅವಳಿಗೆ ಸಿಕ್ಕಿದ್ದು ನೋವಿನ ಮಾತ್ರೆಯ ಒಂದು ಚೀಟಿ. ಆ ಚೀಟಿಯ ಕೆಳಗೆ ಹಿಂದಿಯಲ್ಲಿ ಒಂದು ಸಾಲು ಬರೆಯೋದಕ್ಕೆ ಡಾಕ್ಟರಿಗೆ ಎಷ್ಟು ಹೊತ್ತು ಬೇಕಿತ್ತು ಹೇಳಿ? 'ಈ ಕಾಯಿಲೆಯಲ್ಲಿ ಕೀಲುನೋವು ಕೆಲವು ತಿಂಗಳು ಇರಬಹುದು, ಭಾರದ ಕೆಲಸ ಬೇಡ' ಅಂತ. ಅವಳಿಗೆ ಓದಲು ಬರ್ತಿರಲಿಲ್ಲ, ನಿಜ. ಬಿಡಿಸಿದ ಮೂರು ಮನೆಯವರಿಗೂ ಬರ್ತಿತ್ತು.