ಅವ್ವನ ಸೀರೆಯ ದಡಿ, ನಡುಮನೆಯ ದೀಪ



ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ನಮ್ಮ ಮನೆಗಳಲ್ಲಿ ಬೇರೇನಿಲ್ಲದಿದ್ದರೂ ಟ್ರಂಕಿನ ತಳದಲ್ಲಿ ಒಂದು ಕೈಮಗ್ಗದ ಸೀರೆ ಇದ್ದೇ ಇರುತ್ತದೆ. ಅವ್ವನ ಮದುವೆಯದೋ, ಅಜ್ಜಿಗೆ ತವರಿನವರು ಉಡಿಸಿದ್ದೋ ಆಗಿರುತ್ತದೆ. ವರ್ಷಗಟ್ಟಲೆ ಮಡಚಿಟ್ಟು ಮಡಿಕೆಯ ಗೆರೆಯಲ್ಲೇ ಬಿರುಕು ಬಿಟ್ಟಿರುತ್ತದೆ. ಉಡಲು ಬಾರದು, ಎಸೆಯಲು ಮನಸ್ಸು ಬಾರದು. ಅದೇ ಮನೆಯ ನಡುಮನೆಯಲ್ಲಿ ತಲೆಯೆತ್ತಿ ನೋಡಿ. ಬರಿಯ ಬಲ್ಬೊಂದು ವೈರಿನ ತುದಿಗೆ ಜೋತುಬಿದ್ದು, ಊಟಕ್ಕೆ ಕುಳಿತವರ ಕಣ್ಣು ಚುಚ್ಚುತ್ತಿರುತ್ತದೆ. ಟ್ರಂಕಿನ ಸೀರೆಯನ್ನೂ ಈ ಬಲ್ಬನ್ನೂ ಒಂದುಗೂಡಿಸಿ, ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಒಂದು ಚೆಂದದ ಲ್ಯಾಂಪ್‌ಶೇಡ್ ಮಾಡುವುದು ಹೇಗೆ ಎಂಬುದೇ ಈ ತಿಂಗಳ ಮಾತು.

‘ದೀಪ ಹಚ್ಚಿ ಮುಚ್ಚಿಡಬಾರದು ಎಂದು ಪ್ರಭು ಹೇಳಲಿಲ್ಲವೇ ಫಾದರ್?’ ಎಂದು ಯಾರಾದರೂ ತಮಾಷೆಗೆ ಕೇಳಬಹುದು. ಲ್ಯಾಂಪ್‌ಶೇಡ್ ಬೆಳಕನ್ನು ಮುಚ್ಚುವುದಿಲ್ಲ. ಕಣ್ಣಿಗೆ ಹೊಡೆಯುವ ಬೆಳಕನ್ನು ತಡೆದು, ಬೇಕಾದ ಕಡೆಗೆ, ಅಂದರೆ ತಟ್ಟೆಯ ಮೇಲೆ, ಪುಸ್ತಕದ ಮೇಲೆ, ಕೆಳಗೆ ಬೀಳಿಸುತ್ತದೆ. ಓದುವ ಮಕ್ಕಳಿರುವ ಮನೆಗೆ, ಕಣ್ಣಿನ ಪೊರೆ ಬಂದ ಹಿರಿಯರಿರುವ ಮನೆಗೆ ಇದು ಅಲಂಕಾರ ಮಾತ್ರವಲ್ಲ, ಉಪಕಾರವೂ ಹೌದು.

ಕತ್ತರಿ ಹಿಡಿಯುವ ಮುನ್ನ ಕೈಯಲ್ಲಿರುವುದು ಎಂಥ ಬಟ್ಟೆ ಎಂದು ತಿಳಿಯೋಣ. ಗದ್ವಾಲ ಸೀರೆಯ ಒಡಲು ಹತ್ತಿ, ದಡಿ ಮತ್ತು ಸೆರಗು ರೇಷ್ಮೆ. ಒಡಲಿಗೊಂದು ಲಾಳಿ, ದಡಿಗಳಿಗೆ ಬೇರೆ ಲಾಳಿ ಓಡಿಸಿ, ಎರಡರ ಹೊಕ್ಕಿನ ಎಳೆಗಳನ್ನು ಮಗ್ಗದ ಮೇಲೆಯೇ ಒಂದಕ್ಕೊಂದು ಕೊಂಡಿ ಹಾಕಿ ನೇಯುತ್ತಾರೆ. ಈ ಹೆಣಿಗೆಗೆ ಕೂಪಾಡಂ ಎಂಬ ಹೆಸರಿದೆ. ನಾರಾಯಣಪೇಟೆಯ ಸೀರೆಗೆ ಚೌಕುಳಿಯ ಒಡಲು, ಎದ್ದು ಕಾಣುವ ಬೇರೆ ಬಣ್ಣದ ದಡಿ. ಒಂದೇ ಹಾಸಿನಲ್ಲಿ ಎಂಟು ಸೀರೆ ನೇಯುವುದು ಅಲ್ಲಿಯ ಹಳೆಯ ವಾಡಿಕೆ. ನಮ್ಮ ಇಳಕಲ್ಲಿನ ಸೀರೆಗೆ ಇದು ನೆಂಟನಂತೆ ಕಾಣುತ್ತದೆ. ಗದ್ವಾಲ ಸೀರೆಗೆ 2010ರಲ್ಲಿ, ನಾರಾಯಣಪೇಟೆಯ ಸೀರೆಗೆ 2012ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಹೆಸರಿನಲ್ಲಿ ಆ ಊರಿನ ಕೈಮಗ್ಗದ ಸೀರೆಯನ್ನೇ ಮಾರಬೇಕು ಎಂಬುದು ಅದರ ಅರ್ಥ.

ಆದ್ದರಿಂದ ನನ್ನ ಮೊದಲ ವಿನಂತಿ: ಉಡಲು ಬರುವ ಸೀರೆಯನ್ನು ಕತ್ತರಿಸಬೇಡಿ. ಹಲವು ದಿನಗಳ ದುಡಿಮೆ ಅದು. ಉಡುವವರಿಗೆ ಕೊಡಿ. ಹಳೆಯ ಸೀರೆಯಲ್ಲಿ ಅಪ್ಪಟ ಬೆಳ್ಳಿಯ ಜರಿ ಇದ್ದರೆ ಅದಕ್ಕೆ ಬೆಲೆಯೂ ಇದೆ. ನಂಬಿಕೆಯ ಜಾಗದಲ್ಲಿ ತೋರಿಸಿ, ಆಮೇಲೆ ತೀರ್ಮಾನಿಸಿ. ದೀಪಕ್ಕೆ ಬೇಕಾದದ್ದು ಹರಿದ ಸೀರೆ ಮಾತ್ರ. ಒಡಲು ಹರಿದರೂ ಸೊಂಟಕ್ಕೆ ಸಿಕ್ಕಿಸುವ ಕಡೆಯ ದಡಿ ನೆಲಕ್ಕೆ ಉಜ್ಜಿರುವುದಿಲ್ಲ. ಅದು ಗಟ್ಟಿಯಾಗಿ ಉಳಿದಿರುವುದೇ ಹೆಚ್ಚು.

ಬೇಕಾಗುವ ಸಾಮಾನು ಇಷ್ಟೇ: ಒಂದು ಬಿಳಿಯ ಡ್ರಾಯಿಂಗ್ ಶೀಟ್, ಸ್ವಲ್ಪ ಫೆವಿಕಾಲ್, ಬಟ್ಟೆ ಒಣಹಾಕುವ ಹತ್ತು ಹನ್ನೆರಡು ಕ್ಲಿಪ್, ಸೂಜಿ ದಾರ, 20 ಸೆಂಟಿಮೀಟರ್ ಅಡ್ಡಳತೆಯ ಎರಡು ಬಳೆ, ಒಂದು ಎಲ್‌ಇಡಿ ಬಲ್ಬು. ಬಳೆಗಳನ್ನು 3 ಮಿಲಿಮೀಟರ್ ದಪ್ಪದ ತಂತಿಯಿಂದ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಬಹುದು. ಮೇಲಿನ ಬಳೆಗೆ ಮೂರು ಅಡ್ಡಕಡ್ಡಿ ಹಾಕಿಸಿ, ನಡುವೆ ನಿಮ್ಮ ಬಲ್ಬಿನ ಹೋಲ್ಡರ್ ತೂರುವಷ್ಟು ಚಿಕ್ಕ ಉಂಗುರ ಕೂಡಿಸಲು ಹೇಳಿ. ಹೋಲ್ಡರನ್ನು ಜೊತೆಗೇ ಒಯ್ದರೆ ಅಳತೆ ತಪ್ಪದು. ಅಷ್ಟೂ ಬೇಡವೆಂದರೆ ಬುಟ್ಟಿ ಹೆಣೆಯುವ ಮೇದಾರರ ಬಳಿ ಬಿದಿರಿನ ಎರಡು ಬಳೆ ಮಾಡಿಸಿ, ಮೇಲಿನ ಬಳೆಗೆ ಮೂರು ದಾರ ಕಟ್ಟಿ ಚಾವಣಿಯ ಕೊಕ್ಕೆಗೆ ತೂಗುಹಾಕಬಹುದು. ಸೀರೆ ಮನೆಯದೇ ಆದ್ದರಿಂದ, ಬಲ್ಬೂ ಸೇರಿ ಎಲ್ಲ ಖರ್ಚು ಮುನ್ನೂರು ರೂಪಾಯಿಯ ಆಸುಪಾಸಿನಲ್ಲಿ ಮುಗಿಯುತ್ತದೆ.

ಇನ್ನು ಮಾಡುವ ಕ್ರಮ. ಸೀರೆಯನ್ನು ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಉರಿಯುವ ಬಲ್ಬಿನ ಮುಂದೆ ಹಿಡಿದು ನೋಡಿ. ಕಡುಗೆಂಪು, ಕಡುನೀಲಿ ಬಟ್ಟೆ ಬೆಳಕನ್ನು ಬಹಳವಾಗಿ ನುಂಗುತ್ತದೆ. ಅದು ಮೂಲೆಯ ದೀಪಕ್ಕೆ ಚೆಂದ. ಓದುವ ಜಾಗಕ್ಕೆ ಅರಿಸಿನ, ತಿಳಿಹಸಿರು, ಕೆನೆಬಣ್ಣದ ಒಡಲು ಒಳ್ಳೆಯದು.

20 ಸೆಂಟಿಮೀಟರ್ ಅಡ್ಡಳತೆಯ ಬಳೆಯ ಸುತ್ತಳತೆ ಸುಮಾರು 63. ಅಂಟಿಸಲು 2 ಸೆಂಟಿಮೀಟರ್ ಸೇರಿಸಿ. ಶೀಟನ್ನು 65 ಸೆಂಟಿಮೀಟರ್ ಉದ್ದ, 20 ಸೆಂಟಿಮೀಟರ್ ಎತ್ತರಕ್ಕೆ ಕತ್ತರಿಸಿ. ಬಟ್ಟೆಯ ಉದ್ದವೂ 65. ಎತ್ತರ ಮಾತ್ರ 24, ಮೇಲೆ ಎರಡು, ಕೆಳಗೆ ಎರಡು ಸೆಂಟಿಮೀಟರ್ ಒಳಕ್ಕೆ ಮಡಚುವುದಕ್ಕೆ. ದಡಿ ಕೆಳಗೆ ಬರುವಂತೆ ಕತ್ತರಿಸಿ. ದಡಿ ಅಗಲವಾಗಿದ್ದರೆ ಎರಡು ಸೆಂಟಿಮೀಟರ್ ಒಳಗೆ ಹೋದರೂ ಮಿಕ್ಕದ್ದು ಎದ್ದು ಕಾಣುತ್ತದೆ. ಕಿರಿದಾದ ದಡಿಯನ್ನು ಮಡಚಲೇಬೇಡಿ. ಆಗ 22 ಸೆಂಟಿಮೀಟರ್ ಬಟ್ಟೆ ಸಾಕು. ಅಂಚನ್ನು ಕೆಳಗಿನ ಬಳೆಗೆ ಸರಿಯಾಗಿ ಕೂಡಿಸಿ, ಸೂಜಿ ದಾರದಿಂದ ಸುತ್ತುಹೊಲಿಗೆ ಹಾಕಿ.

ಅಂಟನ್ನು ಬಟ್ಟೆಗೆ ಹಚ್ಚಬೇಡಿ, ಕಲೆಯಾಗುತ್ತದೆ. ಶೀಟಿಗೆ ತೆಳ್ಳಗೆ ಸವರಿ, ಬಟ್ಟೆಯನ್ನು ನಡುವಿನಿಂದ ಹಾಸುತ್ತಾ, ಅಂಗೈಯಿಂದ ಎರಡೂ ಕಡೆಗೆ ನೀವಿ. ಗಾಳಿಗುಳ್ಳೆ ಉಳಿಯಬಾರದು. ಪೂರ್ತಿ ಒಣಗಿದ ಮೇಲೆ ಎರಡು ಬಳೆಗಳ ಸುತ್ತ ಸುತ್ತಿ, ಕೂಡುವ ಕಡೆ ಅಂಟು ಹಾಕಿ ಕ್ಲಿಪ್ ಸಿಕ್ಕಿಸಿ, ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮೇಲೆ ಕೆಳಗೆ ಉಳಿದ ಬಟ್ಟೆಯನ್ನು ಬಳೆಯ ಮೇಲಿಂದ ಒಳಕ್ಕೆ ಮಡಚಿ ಅಂಟಿಸಿದರೆ ಲ್ಯಾಂಪ್‌ಶೇಡ್ ಸಿದ್ಧ. ಒಳಗಿನ ಬಿಳಿಯ ಶೀಟ್ ಬೆಳಕನ್ನು ಕೆಳಕ್ಕೆ ತಳ್ಳುತ್ತದೆ. ಕುಳಿತವರ ಕಣ್ಣಿಗೆ ಬಲ್ಬು ಕಾಣದಷ್ಟು ಎತ್ತರಕ್ಕೆ ತೂಗುಹಾಕಿ.

ಈಗ ಎಚ್ಚರಿಕೆಯ ಮಾತು. ದಯವಿಟ್ಟು ಇದನ್ನು ಎರಡು ಸಲ ಓದಿ. ಇದು ಬಟ್ಟೆ ಮತ್ತು ಕಾಗದ. ಹಳೆಯ ತಂತಿಬಲ್ಬು ತಾನು ತಿನ್ನುವ ವಿದ್ಯುತ್ತಿನಲ್ಲಿ ಹೆಚ್ಚಿನ ಪಾಲನ್ನು ಶಾಖವಾಗಿಯೇ ಹೊರಹಾಕುತ್ತದೆ. ಬಟ್ಟೆ ತಗುಲಿದರೆ ಮೊದಲು ಕಂದುತ್ತದೆ, ಆಮೇಲೆ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಎಲ್‌ಇಡಿ ಬಲ್ಬೇ ಇರಲಿ. 9 ವಾಟಿನ ಎಲ್‌ಇಡಿ ಹಿಂದಿನ 60 ವಾಟಿನ ಬಲ್ಬಿನಷ್ಟೇ ಬೆಳಕು ಕೊಡುತ್ತದೆ. ಅದರ ಬುಡವೂ ಬೆಚ್ಚಗಾಗುವುದರಿಂದ ಲ್ಯಾಂಪ್‌ಶೇಡಿನ ಮೇಲ್ಭಾಗವನ್ನು ಮುಚ್ಚಬೇಡಿ. ಬಲ್ಬಿಗೂ ಬಟ್ಟೆಗೂ ನಡುವೆ ನಾಲ್ಕು ಬೆರಳಿನ ಅಂತರವಾದರೂ ಇರಲಿ. ಜರಿ ಎಂದರೆ ಲೋಹ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಜರಿಯ ಎಳೆ ಹೋಲ್ಡರಿನ ಹತ್ತಿರ ಸುಳಿಯದಂತೆ ನೋಡಿಕೊಳ್ಳಿ. ಜೋಡಿಸುವಾಗ ಸ್ವಿಚ್ ಅಷ್ಟೇ ಅಲ್ಲ, ಮೇನ್ ಆಫ್ ಮಾಡಿ. ಕರೆಂಟ್ ಹೋದಾಗ ಒಳಗೆ ಮೇಣದ ಬತ್ತಿ ಇಡುವ ಯೋಚನೆ ಯಾರಿಗೂ ಬಾರದಿರಲಿ.

ಕ್ರಿಸ್ಮಸ್ ನಕ್ಷತ್ರಕ್ಕೂ ಇದೇ ನಿಯಮ. ಬಾಗಿಲ ಮುಂದೆ ನಾವು ಕಟ್ಟುವ ನಕ್ಷತ್ರವೂ ಒಂದು ಲ್ಯಾಂಪ್‌ಶೇಡ್ ತಾನೇ? ಜರ್ಮನಿಯ ಮೊರಾವಿಯನ್ ಸಭೆಯವರು 19ನೆಯ ಶತಮಾನದಲ್ಲಿ ತಮ್ಮ ವಸತಿ ಶಾಲೆಯ ಮಕ್ಕಳಿಗೆ ರೇಖಾಗಣಿತ ಕಲಿಸಲು ಕಾಗದದ ನಕ್ಷತ್ರ ಮಾಡಿಸುತ್ತಿದ್ದರು. ಹರ್ನ್‌ಹುಟ್ ನಕ್ಷತ್ರವೆಂದು ಹೆಸರಾದ ದೀಪ ಹುಟ್ಟಿದ್ದು ಹಾಗೆ. ನಮ್ಮ ಮಕ್ಕಳೂ ಸುತ್ತಳತೆಯ ಲೆಕ್ಕವನ್ನು ಒಮ್ಮೆ ಕೈಯಾರೆ ಮಾಡಲಿ, ಪರೀಕ್ಷೆಗೂ ಬರುತ್ತದೆ, ಮನೆಗೂ ಬರುತ್ತದೆ.

ಕೊನೆಯದಾಗಿ, ಮನೆಯೊಳಗಿನ ಒಂದು ಸೂಕ್ಷ್ಮ. ತಾಯಿ ತೀರಿಕೊಂಡ ಮೇಲೆ ಹೊಲ ಮನೆಗಳ ಪಾಲು ಹೇಗೋ ಮುಗಿಯುತ್ತದೆ. ಆದರೆ ‘ಅವ್ವನ ಆ ಸೀರೆ ಯಾರಿಗೆ?’ ಎಂಬ ಪ್ರಶ್ನೆ ಅಕ್ಕತಂಗಿಯರ ನಡುವೆ ವರ್ಷಗಟ್ಟಲೆ ಮುಳ್ಳಾಗಿ ಉಳಿಯುತ್ತದೆ. ಬಾಯಿಬಿಟ್ಟು ಕೇಳುವಂತಿಲ್ಲ, ಮರೆಯುವಂತೆಯೂ ಇಲ್ಲ. ಕೊನೆಗೆ ಸೀರೆ ಯಾರ ಮೈಮೇಲೂ ಏರದೆ ಹುಳದ ಪಾಲಾಗುತ್ತದೆ. ಐದೂವರೆ ಮೀಟರಿನ ಸೀರೆಯ ಒಂದೇ ದಡಿಯಿಂದ 65 ಸೆಂಟಿಮೀಟರಿನ ಎಂಟು ತುಂಡು ಸಿಗುತ್ತವೆ. ನಾಲ್ವರು ಹೆಣ್ಣುಮಕ್ಕಳಿದ್ದರೆ ನಾಲ್ಕು ಮನೆಗೂ ಒಂದೊಂದು ದೀಪ, ಸೊಸೆಯಂದಿರಿಗೂ ಒಂದೊಂದು. ಸೊಸೆಯನ್ನು ಮರೆಯಬೇಡಿ, ಕೊನೆಗಾಲದಲ್ಲಿ ಅತ್ತೆಯ ಆ ಸೀರೆಯನ್ನು ಒಗೆದು ಮಡಚಿಟ್ಟವಳು ಅವಳೇ ಇರಬಹುದು.

ಆದರೆ ಅವಸರ ಬೇಡ. ‘ಅವ್ವನ ಸೀರೆಗೆ ಕತ್ತರಿ ಹಾಕಬೇಡ’ ಎಂದು ಒಬ್ಬರಾದರೂ ಕಣ್ಣೀರು ಹಾಕಿದರೆ ಸೀರೆಯನ್ನು ಟ್ರಂಕಿಗೇ ಇಡಿ. ಕೆಲವರ ದುಃಖಕ್ಕೆ ಇನ್ನಷ್ಟು ಸಮಯ ಬೇಕು. ದೀಪ ಮುಂದಿನ ವರ್ಷವೂ ಮಾಡಬಹುದು, ಮುರಿದ ಮನಸ್ಸನ್ನು ಅಂಟಿನಿಂದ ಕೂಡಿಸಲಾಗದು. ಎಲ್ಲರೂ ಒಪ್ಪಿದ ದಿನ ಎಲ್ಲರೂ ಒಟ್ಟಿಗೆ ಕುಳಿತು, ಅವ್ವನ ನಾಲ್ಕು ಮಾತು ನೆನೆಯುತ್ತಾ ಕತ್ತರಿಸಿ. ಆ ಒಂದು ಸಂಜೆ ಎಷ್ಟೋ ಹಳೆಯ ಮುನಿಸು ತಾನಾಗಿಯೇ ಕರಗೀತು.

ಹಾಗೆಯೇ, ಹಳೆಯ ಸೀರೆಯಿಂದ ದೀಪ ಮಾಡಿ ಉಳಿಸಿದ ಹಣದಲ್ಲಿ ಸ್ವಲ್ಪವನ್ನು ಎತ್ತಿಟ್ಟು, ಮನೆಯ ಮುಂದಿನ ಶುಭಕಾರ್ಯಕ್ಕೆ ಒಂದಾದರೂ ಸೀರೆಯನ್ನು ನಮ್ಮೂರಿನ ನೇಕಾರರಿಂದಲೇ ಕೊಳ್ಳಿ. ಪವರ್‌ಲೂಮಿನ ನಕಲು ಅಗ್ಗಕ್ಕೆ ಸಿಗುತ್ತದೆ, ನಿಜ. ಆದರೆ ಮಗ್ಗ ನಿಂತರೆ ನಮ್ಮ ಮೊಮ್ಮಕ್ಕಳ ಟ್ರಂಕಿನ ತಳದಲ್ಲಿ ಎತ್ತಿಡಲು ಏನು ಉಳಿದೀತು?