ಮಾಘದ ಕೆರೆಯೂ ಮೀನಿನ ಗಾಳವೂ

ಸಂಕ್ರಾಂತಿಯು ಕಳೆದು ಮಾಘಮಾಸವು ಬಂದಿತೆಂದರೆ ತಿಕೋಟಾ, ಬಬಲೇಶ್ವರಗಳ ಎರೆಹೊಲಗಳಲ್ಲಿ ಬಿಳಿಜೋಳದ ತೆನೆಗಳು ಬಲಿಯುವವು. ಕೆರೆಯ ದಂಡೆಗಳಲ್ಲಿ ಗಾಳದ ಕೋಲುಗಳು ಕಾಣಿಸಿಕೊಳ್ಳುವವು. ನಮ್ಮ ಸೀಮೆಯಲ್ಲಿ ಮೀನನ್ನು ಉಣ್ಣದ ಮನೆಗಳು ಬಹಳ. ಆದರೂ ಕೆರೆಯು ಊರಿನ ಎಲ್ಲರ ಸೊತ್ತಾದುದರಿಂದ, ಅದರಲ್ಲಿಯ ಜೀವಿಗಳ ಸಂಗತಿಯನ್ನು ಉಣ್ಣುವವರೂ ಉಣ್ಣದವರೂ ಅರಿತಿರುವದು ಅವಶ್ಯವೆಂದು ನಾವು ಬಗೆಯುತ್ತೇವೆ.

ಬಬಲೇಶ್ವರ ತಾಲೂಕಿನ ಮಮದಾಪುರದ ಕೆರೆಯನ್ನು ಮಹಮ್ಮದ ಆದಿಲಶಾಹನು ಇಸವಿ 1633 ರಲ್ಲಿ ಕಟ್ಟಿಸಿದನು. ಮಳೆಯನ್ನೇ ನಂಬಿದ ಇಂಥ ಕೆರೆಗಳು ಬರಗಾಲದಲ್ಲಿ ಬತ್ತಿ ಬಿರಿಯುತ್ತಿದ್ದವು. ಈಚಿನ ವರ್ಷಗಳಲ್ಲಿ ಏತ ನೀರಾವರಿಯಿಂದ ಕೃಷ್ಣೆಯ ನೀರು ಜಿಲ್ಲೆಯ ಅನೇಕ ಕೆರೆಗಳನ್ನು ಸೇರಿರುವದು. ನೀರು ಬಂದಲ್ಲಿ ಮೀನು ಬಂದಿತು. ಮೀನು ಬಂದಲ್ಲಿ ಗಾಳವೂ ಬಂದಿತು.

ಮೀನಿನ ಮೈಗೆ ಸ್ವಂತದ ಬಿಸಿಯಿಲ್ಲ. ನೀರು ತಣ್ಣಗಾದಂತೆ ಅದರ ಜಠರಾಗ್ನಿಯೂ ಮಂದವಾಗುವದು. ಆದುದರಿಂದ ಚಳಿಯ ಮುಂಜಾವಿನಲ್ಲಿ ಗಾಳ ಹಾಕಿ ಕುಳಿತವನಿಗೆ ತಾಳ್ಮೆಯೊಂದೇ ಲಾಭ. ಬಿಸಿಲೇರಿ ದಂಡೆಯ ಕರಿಮಣ್ಣು ಕಾದ ಮೇಲೆ ಮೀನು ಆಳದಿಂದ ಮೆಲ್ಲನೆ ಎದ್ದು ಬರುವದು. ಆಗ ಎರೆಹುಳುವಿನ ಚಿಕ್ಕ ತುಣುಕು, ಇಲ್ಲವೆ ಜೋಳದ ಹಿಟ್ಟಿನ ಸಣ್ಣ ಉಂಡೆ ಸಾಕು. ದೊಡ್ಡ ತುತ್ತನ್ನು ಅದು ಮುಟ್ಟದು. ಅಮೇರಿಕದ ಸರೋವರಗಳಲ್ಲಿ ಬಾಸ್, ಕ್ರ್ಯಾಪಿ ಎಂಬ ಮೀನುಗಳನ್ನು ಹಿಡಿಯುವವರೂ ಚಳಿಗಾಲದ ಕೊನೆಗೆ ಇದೇ ನಿಯಮವನ್ನು ಅನುಸರಿಸುವರು: ಆಳದಲ್ಲಿ ಹುಡುಕಬೇಕು, ಸಾವಕಾಶವಾಗಿ ಎಳೆಯಬೇಕು.

ಇನ್ನು ಮುಖ್ಯ ವಿಷಯಕ್ಕೆ ಬರುವಾ. ಕೆರೆಯಲ್ಲಿ ಎರಡು ಬಗೆಯ ಮೀನುಗಳುಂಟು. ಕಾಟ್ಲಾ, ರೋಹು, ಮೃಗಾಲ್‌ಗಳು ಅತಿಥಿಗಳು. ಹರಿಯುವ ಹೊಳೆಯಲ್ಲಿ ಮೊಟ್ಟೆಯಿಡುವ ಇವು ನಿಂತ ನೀರಿನಲ್ಲಿ ಸಾಮಾನ್ಯವಾಗಿ ಮರಿ ಮಾಡವು. ಮೊದಲು ಇವುಗಳ ಮರಿಗಳನ್ನು ಹೊಳೆಗಳಿಂದಲೇ ಹಿಡಿದು ತರಬೇಕಾಗುತ್ತಿತ್ತು. 1957 ನೆಯ ಇಸವಿಯ ಜುಲೈ 10 ರಂದು ಒರಿಸ್ಸಾದ ಅಂಗುಲದಲ್ಲಿ ಹೀರಾಲಾಲ ಚೌಧುರಿಯವರು ಚುಚ್ಚುಮದ್ದಿನಿಂದ ಗೆಂಡೆಜಾತಿಯ ಮೀನುಗಳ ಮೊಟ್ಟೆಯಿಡಿಸುವಲ್ಲಿ ಯಶಸ್ವಿಗಳಾದ ತರುವಾಯ ಮರಿಗಳು ಸುಲಭವಾಗಿ ದೊರೆಯತೊಡಗಿದವು. ಆ ಮರಿಗಳನ್ನು ಹಣ ಕೊಟ್ಟು ತಂದು ಬಿಟ್ಟವರು ಗುತ್ತಿಗೆ ಹಿಡಿದ ಬೆಸ್ತರು. ಅವರ ಅಪ್ಪಣೆಯಿಲ್ಲದೆ ಹಿಡಿಯುವದು ಮತ್ತೊಬ್ಬರ ಹೊಲದ ತೆನೆ ಮುರಿದಂತೆಯೇ ಸರಿ.

ಎರಡನೆಯ ಬಗೆಯವು ಕೆರೆಯ ಒಕ್ಕಲುಗಳು. ಹಾವಿನಂಥ ತಲೆಯ ಕೊರವ ಮೀನು ಅವುಗಳಲ್ಲಿ ಹಿರಿದು. ಮೇಲೆದ್ದು ಗಾಳಿಯನ್ನು ಕುಡಿಯುವದಾದ್ದರಿಂದ ಕೆಸರಿನಲ್ಲಿಯೂ ಅದು ಬದುಕಬಲ್ಲದು. ಮಳೆಗಾಲದಲ್ಲಿ ಜೊಂಡಿನ ನಡುವೆ ಮೊಟ್ಟೆಯಿಟ್ಟು, ಗುಂಪುಗೂಡಿ ಈಸುವ ಮರಿಗಳನ್ನು ತಂದೆತಾಯಿಗಳೆರಡೂ ಕಾಯುವವು. ಕಾಯುವವರನ್ನು ಎಳೆದುಕೊಂಡರೆ ಮರಿಗಳು ಅನ್ಯ ಮೀನುಗಳ ಪಾಲು. ಇದರ ಬೀಜವನ್ನು ನಮ್ಮ ಕೆರೆಗಳಿಗೆ ವರ್ಷಕ್ಕೊಮ್ಮೆ ತಂದು ಬಿಡುವವರು ವಿರಳ. ಉಳಿದ ಒಂದು ಜೋಡಿಯೇ ಮುಂದಿನ ವರ್ಷದ ಬೀಜ.

ಮಾಘದಿಂದ ವೈಶಾಖದ ವರೆಗೆ ನೀರು ಇಳಿದಂತೆ ಮೀನುಗಳೆಲ್ಲ ಒಂದೆರಡು ಗುಂಡಿಗಳಲ್ಲಿ ನೆರೆಯುವವು. ಆಗ ಬಲೆಯ ಒಂದೇ ಬೀಸಿಗೆ ಕೆರೆಯ ಸಂತಾನವೇ ಬರಿದಾಗಬಹುದು. ಆದಕಾರಣ ಕಡೆಯ ಗುಂಡಿಯನ್ನು ಮುಟ್ಟದೆ ಬಿಡುವ ಕಟ್ಟಳೆಯನ್ನು ಊರವರೇ ಮಾಡಿಕೊಳ್ಳತಕ್ಕದ್ದು.

ತಾಯಂದಿರಿಗೆ ಒಂದು ಮಾತು. ಇಳಿದ ಕೆರೆಯ ಅಂಚಿನ ಹೂಳು ಮೇಲೆ ಒಣಗಿ ಒಳಗೆ ಹಸಿಯಾಗಿರುವದು. ಕಾಲಿಟ್ಟ ಹುಡುಗನನ್ನು ಅದು ಹಿಡಿದುಬಿಡುವದು. ಗಾಳ ಹಿಡಿದು ಹೊರಟ ಮಕ್ಕಳೊಡನೆ ಈಸುಬಲ್ಲ ಹಿರಿಯರೊಬ್ಬರನ್ನು ಕಳುಹಿರಿ. ಕಲ್ಲುಕಟ್ಟಿದ ಏರಿಯ ಮೇಲೆಯೇ ಕೂಡ್ರಲು ಹೇಳಿರಿ. ಜೋಳದ ರಾಶಿಯಲ್ಲಿ ಬೀಜದ ಕಾಳನ್ನು ಮೊದಲು ತೆಗೆದಿರಿಸುವ ಒಕ್ಕಲಿಗನ ಮಗನಿಗೆ, ಕೆರೆಯಲ್ಲಿಯೂ ಬೀಜವನ್ನು ಉಳಿಸೆಂದು ಹೇಳಿದರೆ ತಿಳಿಯದೆ ಇರದು.