ಗದಗಿಗೆ ಕಡಲೆಲ್ಲಿಯದು?

‘ಉಳ್ಳಾಗಡ್ಡಿ ದರದಲ್ಲಿ ಉಬ್ಬರವಿಳಿತ’ — ಪತ್ರಿಕೆಗಳಲ್ಲಿ ಇಂಥ ಮಾತು ಈಚೆಗೆ ಪದೇ ಪದೇ ಕಣ್ಣಿಗೆ ಬೀಳುತ್ತದೆ. ಗದಗ-ಬೆಟಗೇರಿಯವನು ಕಡಲನ್ನು ಕಾಣಬೇಕಾದರೆ ಹುಬ್ಬಳ್ಳಿಯನ್ನು ದಾಟಿ, ಘಟ್ಟವಿಳಿದು, ಅಂಕೋಲೆಗೋ ಕಾರವಾರಕ್ಕೋ ಹೋಗಬೇಕು. ಆದರೂ ನಮ್ಮ ಅಡತಿ ಅಂಗಡಿಗಳ ಸುದ್ದಿಯಲ್ಲಿ ಕಡಲು ಮೊರೆಯುತ್ತಿದೆ! ನಗು ಬರುವ ಸಂಗತಿಯೇ ಸರಿ. ಆದರೆ ನಕ್ಕು ಬಿಡತಕ್ಕದ್ದಲ್ಲ.

ಇದು ಇಂಗ್ಲಿಷಿನ ‘ಎಬ್ ಆಂಡ್ ಫ್ಲೋ’ ಎಂಬ ನುಡಿಗಟ್ಟಿನ ಪಡಿಯಚ್ಚು. ಇಂಗ್ಲಿಷು ದ್ವೀಪದಲ್ಲಿ ಬೆಳೆದ ಭಾಷೆ. ಅದಕ್ಕೆ ಕಡಲು ಮನೆಯಂಗಳ. ‘ಫ್ಲಕ್ಚುಯೇಶನ್’ ಎಂಬ ಶಬ್ದದ ಹೊಟ್ಟೆಯಲ್ಲಿಯೂ ಲ್ಯಾಟಿನ್ನಿನ ತೆರೆಯೊಂದು ಅಡಗಿದೆ. ಆದರೆ ಅವರಲ್ಲಿ ಒಳ್ಳೆಯ ಬರೆಹಗಾರರು ‘ಎಬ್ ಆಂಡ್ ಫ್ಲೋ’ವನ್ನು ವಿವೇಕದಿಂದ ಬಳಸುತ್ತಾರೆ: ಹೋದದ್ದು ತಿರುಗಿ ಬರುವಲ್ಲಿ, ಲಯವಿರುವಲ್ಲಿ. ಕಡಲು ಸುಮಾರು 12 ತಾಸು 25 ನಿಮಿಷಕ್ಕೊಮ್ಮೆ ಉಬ್ಬುತ್ತದಲ್ಲವೆ? ಬಾಳಿನ ಕಷ್ಟಸುಖಗಳಿಗೆ ‘ಅಪ್ಸ್ ಆಂಡ್ ಡೌನ್ಸ್’ ಎಂಬ ಬೇರೆ ಮಾತೇ ಇದೆ. ನನ್ನ ವಿದ್ಯಾರ್ಥಿಯೊಬ್ಬ ಅದನ್ನು ‘ಜೀವನದ ಮೇಲುಗಳು ಮತ್ತು ಕೆಳಗುಗಳು’ ಎಂದು ಕನ್ನಡಿಸಿದ್ದ. ಅವನ ಮನೆಯಲ್ಲಿ ನಿತ್ಯ ಆಡುವ ‘ಏಳುಬೀಳು’ ಪರೀಕ್ಷೆಯ ಹೊತ್ತಿಗೆ ಅವನಿಗೆ ನೆನಪಾಗಲಿಲ್ಲ.

ಕನ್ನಡಕ್ಕೆ ಇಲ್ಲಿ ಬಡತನವುಂಟೆ? ಕಪ್ಪತಗುಡ್ಡದ ದಾರಿಗೆ ‘ಏರಿಳಿತ’, ಬಾಳಿಗೆ ‘ಏಳುಬೀಳು’, ಮನಸ್ಸಿಗೆ ‘ಹೊಯ್ದಾಟ’, ಲೆಕ್ಕ ತಪ್ಪಿದರೆ ‘ಏರುಪೇರು’, ಪೇಟೆಗೆ ‘ತೇಜಿಮಂದಿ’. ಕೊನೆಯದು ಹೊರಗಿನಿಂದ ಬಂದದ್ದು. ಬರಲಿ, ಪೇಟೆ ಅದನ್ನು ಪಳಗಿಸಿಕೊಂಡಿದೆ. ಮುಂಡರಗಿ, ಶಿರಹಟ್ಟಿಯ ಅಂಚಿನಲ್ಲಿ ತುಂಗಭದ್ರೆ ತುಂಬಿ ಹರಿದರೆ ಜನ ‘ಹೊಳಿ ಬಂತು’ ಎನ್ನುತ್ತಾರೆ, ಉಬ್ಬರ ಬಂತೆನ್ನುವುದಿಲ್ಲ. ‘ಕವಿರಾಜಮಾರ್ಗ’ವು ತಿರುಳ್ಗನ್ನಡದ ನಾಡನ್ನು ಗುರುತಿಸಲು ಹೆಸರಿಸಿದ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಪಂಪನೂ ತನ್ನ ಕಾವ್ಯದ ನುಡಿ ಪುಲಿಗೆರೆಯದೆಂದು ಹೆಮ್ಮೆಪಟ್ಟ. ಆ ನೆಲದ ಪೇಟೆಯ ಸುದ್ದಿಗೆ ಎರವಲು ಮಾತೇಕೆ?

ಭಾಷೆ ಬೆಳೆಯಬಾರದೆ ಎಂದು ಕೇಳುವವರಿದ್ದಾರೆ. ಬೆಳೆಯಲಿ. ಕರಾವಳಿಯ ಕನ್ನಡಿಗನಿಗೆ ಉಬ್ಬರವಿಳಿತ ಕಣ್ಣೆದುರಿನ ಅನುಭವ. ಅವನು ಧಾರಾಳವಾಗಿ ಆಡಲಿ. ನನ್ನ ತಕರಾರು ಮಡಿವಂತಿಕೆಯದಲ್ಲ. ಪೇಟೆಯ ದರಕ್ಕೆ ಹಚ್ಚಿದಾಗ ಈ ಮಾತು ಸುಳ್ಳು ಹೇಳುತ್ತದೆ, ಅದೇ ನನ್ನ ತಕರಾರು.

2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತನೊಬ್ಬ 205 ಕಿಲೊ ಉಳ್ಳಾಗಡ್ಡಿಯನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದ. ಕ್ವಿಂಟಲಿಗೆ 200 ರೂಪಾಯಿಯಂತೆ ಆದದ್ದು 410 ರೂಪಾಯಿ. ಸಾಗಣೆ, ಹಮಾಲಿ ಕಳೆದು ಕೈಗೆ ಬಂದದ್ದು 8 ರೂಪಾಯಿ 36 ಪೈಸೆ! ಇದು ಇಳಿತವೆ? ಇಳಿತವೆಂದರೆ ಉಬ್ಬರವೂ ತಾನಾಗಿ ಬರುತ್ತದೆಂದು ಅರ್ಥ. ಅವನ ಮಾಲು ಮಾರಿಹೋಗಿತ್ತು. ಮುಂದೆ ದರ ಏರಿದರೆ ಅದು ಮಾಲು ಕೂಡಿಟ್ಟವನ ಉಬ್ಬರ, ಇವನದಲ್ಲ. ಬಿದ್ದವನೊಬ್ಬ, ಎದ್ದವನಿನ್ನೊಬ್ಬ.

ಕಡಲನ್ನು ಚಂದ್ರನೂ ಸೂರ್ಯನೂ ಎಳೆಯುತ್ತಾರೆ. ಅಲ್ಲಿ ಯಾರನ್ನೂ ಪ್ರಶ್ನಿಸುವಂತಿಲ್ಲ. ಉಳ್ಳಾಗಡ್ಡಿಯ ಮೇಲೆ 2023ರ ಆಗಸ್ಟಿನಲ್ಲಿ ಶೇ. 40ರ ರಫ್ತು ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತೇ ನಿಂತಿತು. 2024ರ ಮೇ ತಿಂಗಳಲ್ಲಿ ನಿಷೇಧ ತೆರವಾಯಿತು. ಈ ಆಜ್ಞೆಗಳು ಸರಿಯೋ ತಪ್ಪೋ, ವಾದಿಸೋಣ. ಆದರೆ ಇವು ಹುಣ್ಣಿಮೆ ಅಮಾವಾಸ್ಯೆಗಳಲ್ಲ, ಮನುಷ್ಯರು ಸಹಿ ಮಾಡಿದ ಕಾಗದಗಳು. ‘ಉಬ್ಬರವಿಳಿತ’ವೆಂದು ಬರೆದೊಡನೆ ಸಹಿ ಅಳಿಸಿಹೋಗುತ್ತದೆ, ಕರ್ತೃವಿಲ್ಲದ ಕ್ರಿಯೆಯೊಂದು ಉಳಿಯುತ್ತದೆ.

‘ಏಳುಬೀಳು’ ಹಾಗಲ್ಲ. ಅದನ್ನಾಡಿದರೆ ಬಿದ್ದವನಾರು, ಎಬ್ಬಿಸಬೇಕಾದವರಾರು ಎಂಬ ಪ್ರಶ್ನೆ ಬೆನ್ನಿಗೇ ಏಳುತ್ತದೆ. ಗದಗಿನ ಮಗ್ಗುಲ ಕಣಗಿನಹಾಳದವರು ಆ ಪ್ರಶ್ನೆಯನ್ನು ಕೇಳಿಕೊಂಡೇ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಸಂಘ ಕಟ್ಟಿದರು. ಅವರು ದಂಡೆಯ ಮೇಲೆ ಕುಳಿತು ಉಬ್ಬರಕ್ಕೆ ಕಾಯಲಿಲ್ಲ. ಕಾಯಲು ಗದಗಿನಲ್ಲಿ ಕಡಲೂ ಇಲ್ಲ, ದಂಡೆಯೂ ಇಲ್ಲ.